ಡೊಲೊಮೈಟ್ಸ್‌ನಲ್ಲಿ ಅಪ್ಪನ ಲಿಂಬೆಹಣ್ಣು

ಕಳೆದ ಜೂನ್‌ನಲ್ಲಿ ಅಪ್ಪನನ್ನು ಇಟಲಿಯ ಡೊಲೊಮೈಟ್ಸ್ ಬೆಟ್ಟಗಳಿಗೆ ಕರೆದುಕೊಂಡು ಹೋಗಿದ್ದೆ. ನಾನು ಕೆಲಸ ಮಾಡೋ ಮ್ಯೂನಿಕ್‌ನಿಂದ ಬ್ರೆನ್ನರ್ ಘಾಟಿ ದಾಟಿದರೆ ಅರ್ಧ ದಿನದ ದಾರಿ. ಅಪ್ಪನಿಗೆ ಮನಸ್ಸೇ ಇರಲಿಲ್ಲ. “ಕಲ್ಲು ನೋಡಾಕ ಅಷ್ಟು ದೂರ ಯಾಕ? ನಮ್ಮೂರಾಗ ಇಲ್ಲೇನು?” ಅಂದಿದ್ದರು. ಕಲಬುರಗಿ ಸುತ್ತಮುತ್ತ ಮೂವತ್ತೈದು ವರ್ಷ ಶಹಾಬಾದ್ ಕಲ್ಲು ಹಾಸಿದ ಕೈ ಅವರದು.

ಆ ಮಾತು ನನಗೆ ಚುಚ್ಚಿತು, ಕಾರಣ ಇದೆ. ಎರಡು ವರ್ಷದ ಹಿಂದೆ ಮನೆ ರಿಪೇರಿ ಮಾಡಿಸುವಾಗ ಅಪ್ಪನೇ ಹಾಸಿದ್ದ ಕಲ್ಲಿನ ನೆಲ ಕೀಳಿಸಿ ಟೈಲ್ಸ್ ಹಾಕಿಸಿದ್ದೆ. ಅವರು ಏನೂ ಅನ್ನಲಿಲ್ಲ. ಕಿತ್ತ ಕಲ್ಲುಗಳನ್ನು ಒಂದೊಂದಾಗಿ ಹಿತ್ತಲಲ್ಲಿ ಜೋಡಿಸಿಟ್ಟರು, ಅಷ್ಟೇ.

ನಾವು ಹೋಗಿದ್ದು ಸೈಸರ್ ಆಲ್ಮ್ ಅನ್ನೋ ದೊಡ್ಡ ಹುಲ್ಲುಗಾವಲಿಗೆ. ಹಗಲು ಹೊತ್ತು ಕಾರಿಗೆ ನಿರ್ಬಂಧ ಇರೋದರಿಂದ ಕೆಳಗಿನ ಸೈಸ್ ಊರಿಂದ ಕೇಬಲ್ ಕಾರ್ ಹತ್ತಬೇಕು. ಮೇಲೆ ಇಳಿದರೆ ಅಲೆಅಲೆಯಾದ ಹಸಿರು, ಅದರ ಅಂಚಿನಲ್ಲಿ ಗೋಡೆಯಂತೆ ಎದ್ದು ನಿಂತ ಶ್ಲೆರ್ನ್ ಬೆಟ್ಟ. ಎತ್ತರ 2,563 ಮೀಟರ್. ತಲೆ ಮಾತ್ರ ಚಪ್ಪಟೆ, ನಮ್ಮ ಊರ ಕಟ್ಟೆಯ ಹಾಗೆ.

ಅದು ನಿಜಕ್ಕೂ ಕಟ್ಟೆಯೇ. ಸುಮಾರು 24 ಕೋಟಿ ವರ್ಷಗಳ ಹಿಂದೆ ಈ ಜಾಗ ಪ್ಯಾಂಜಿಯಾ ಎಂಬ ಮಹಾಖಂಡದ ಅಂಚಿನಲ್ಲಿ, ಟೆಥಿಸ್ ಸಮುದ್ರದ ಬೆಚ್ಚಗಿನ ನೀರಿನಲ್ಲಿತ್ತು. ಸೂಕ್ಷ್ಮಜೀವಿಗಳು, ಪಾಚಿ, ಸ್ಪಂಜು, ಹವಳ ಸೇರಿ ಸುಣ್ಣ ಕಟ್ಟುತ್ತಾ ಹೋದವು. ಭೂವಿಜ್ಞಾನಿಗಳು ಇದನ್ನು ಕಾರ್ಬೊನೇಟ್ ಪ್ಲಾಟ್‌ಫಾರ್ಮ್ ಅನ್ನುತ್ತಾರೆ. ಇವು ಸಮುದ್ರದೊಳಗೆ ಬೆಳೆದ ದಿಬ್ಬಗಳೆಂದು ಜರ್ಮನಿಯ ರಿಕ್ಟ್‌ಹೋಫೆನ್ 1860ರಲ್ಲೇ ಗುರುತಿಸಿದ್ದ.

“ಅಂದ್ರ ನಾವೀಗ ನಿಂತಿದ್ದು?” ಅಪ್ಪ ಕೇಳಿದರು.

ಆಳವಾದ ಸಮುದ್ರದ ತಳದಲ್ಲಿ, ಅಂದೆ. ಅಲ್ಲಿ ತುಂಬಿದ್ದು ಜ್ವಾಲಾಮುಖಿಯ ಬೂದಿ, ಲಾವಾ, ಕೆಸರು. ಆಮೇಲೆ ಇಡೀ ನೆಲ ಮೇಲೆದ್ದು ಆಲ್ಪ್ಸ್ ಆಯಿತು. ಮೆದುವಾದದ್ದು ಸವೆದು ಹುಲ್ಲುಗಾವಲಾಯಿತು, ಗಟ್ಟಿ ಕಟ್ಟೆ ಹಾಗೇ ಉಳಿಯಿತು. ನೀರೊಂದು ಬಿಟ್ಟರೆ, ಅಂದಿನ ಸಮುದ್ರತಳದ ಏರುತಗ್ಗು ಬಹುಮಟ್ಟಿಗೆ ಇಂದೂ ಕಾಣುತ್ತೆ.

ಅಪ್ಪ ಗೋಡೆಯನ್ನೇ ನೋಡುತ್ತಿದ್ದರು. “ಈ ಜೀವಿಗಳಿಗೆ ಬಿಸಿಲು ಬೇಕಂದಿ, ನೀರು ಕಮ್ಮಿ ಇರಬೇಕಂದಿ. ಮತ್ತ ಇಷ್ಟು ದಪ್ಪ ಹ್ಯಾಂಗ ಆತು?”

ಎಷ್ಟು ಒಳ್ಳೆ ಪ್ರಶ್ನೆ! ಉತ್ತರ ಇಷ್ಟೇ: ತಳ ಕುಸಿಯುತ್ತಲೇ ಇತ್ತು. ಅದು ಎಷ್ಟು ಇಳಿಯಿತೋ ಮೇಲಿನ ಜೀವಿಗಳು ಅಷ್ಟು ಕಟ್ಟಿದವು. ಬೆಳಕಿನ ಹತ್ತಿರವೇ ಇರಬೇಕೆಂದರೆ ಕಟ್ಟುತ್ತಲೇ ಇರಬೇಕು. ಹಿಂದೆ ಬಿದ್ದರೆ ಮುಳುಗಡೆ. ಲಕ್ಷಾಂತರ ವರ್ಷ ಹೀಗೆ ನಡೆದು ನೂರಾರು ಮೀಟರ್ ದಪ್ಪ ಆಯಿತು.

“ದಿನಗೂಲಿ ಇದ್ದಂಗ,” ಅಂದರು ಅಪ್ಪ.

ಶ್ಲೆರ್ನ್ ಬುಡದ ಕಡೆ ನಿಧಾನಕ್ಕೆ ನಡೆದೆವು. ಅಪ್ಪನ ಮಂಡಿ ನೋವು. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಲ್ಲು ಕೂರಿಸಿದ್ದರ ಫಲ. ಬೆಟ್ಟದಿಂದ ಬಿದ್ದ ತಿಳಿ ಬಣ್ಣದ ಕಲ್ಲೊಂದರ ಮೇಲೆ ಕೈಯಾಡಿಸಿದರು. ಬುತ್ತಿಯಲ್ಲಿದ್ದ ಲಿಂಬೆಹೋಳು ತೆಗೆದು ಹಿಂಡಿದರು. ಏನೂ ಆಗಲಿಲ್ಲ.

“ನಮ್ಮ ಕಲ್ಲಿಗಾದ್ರ ಗುಳ್ಳಿ ಏಳತಾವ, ಬೆಳ್ಳಗ ಕಲೆ ಬೀಳತದ. ಇದು ಸುಣ್ಣದ ಕಲ್ಲಲ್ಲ ಬಿಡು.”

ನಾನು ದಂಗಾದೆ. ಫ್ರಾನ್ಸಿನ ದೊಲೊಮಿಯೊ 1791ರಲ್ಲಿ ಬರೆದದ್ದೂ ಇದನ್ನೇ: ಸುಣ್ಣದ ಕಲ್ಲಿನಂತೇ ಕಾಣುತ್ತೆ, ಆದರೆ ಆಮ್ಲ ಹಾಕಿದರೆ ನೊರೆಯುವುದು ತೀರಾ ಕಮ್ಮಿ. ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಸೇರಿದ ಆ ಖನಿಜಕ್ಕೆ, ಆಮೇಲೆ ಈ ಬೆಟ್ಟಗಳಿಗೆ, ಅವನದೇ ಹೆಸರು ಬಂತು. ಮೊಬೈಲಲ್ಲಿ ಓದಿಕೊಂಡು ಬಂದವಳು ನಾನು. ಅಪ್ಪ ಅಡುಗೆಮನೆ ನೆಲ ಒರೆಸಿ ಕಲಿತಿದ್ದರು.

ಶಹಾಬಾದ್ ಕಲ್ಲೂ ಸಮುದ್ರದ್ದೇ, ಈ ಡೊಲೊಮೈಟಿಗಿಂತ ಎಷ್ಟೋ ಹಳೆಯದು ಅಂತ ಹೇಳಿದೆ. “ಹೌದಾ?” ಅಂದು ಸುಮ್ಮನಾದರು.

ಸಂಜೆ ಬಿಸಿಲಿಗೆ ಗೋಡೆ ಗುಲಾಬಿ ಬಣ್ಣಕ್ಕೆ ತಿರುಗಿತು. ಎಲ್ಲರೂ ಫೋನ್ ಎತ್ತಿದರು. ನಾನು ಕೇಳಿದೆ, “ಅಪ್ಪಾ, ಹಿತ್ತಲದಾಗಿನ ಕಲ್ಲು ಇನ್ನೂ ಅದಾವೇನು?”

“ಅದಾವವ್ವಾ. ಒಂದೂ ಒಡೆದಿಲ್ಲ.”

ದೀಪಾವಳಿಗೆ ಊರಿಗೆ ಹೋದಾಗ ಪಡಸಾಲೆಯ ಟೈಲ್ಸ್ ಕೀಳಿಸುತ್ತೇವೆ. ಕಲ್ಲು ಕೂರಿಸೋದು ನಾನು. ಅಪ್ಪ ಕುರ್ಚಿ ಮೇಲೆ ಕೂತು ಹೇಳಿಕೊಡುತ್ತಾರಂತೆ.