ಅಟ್ಟದ ಕೆಳಗಿನ ಆಫೀಸು

ಊರಿಗೆ ಬಂದವರಿಗೆ ನಮ್ಮ ದಂಡಿಗನಹಳ್ಳಿ ಹೋಬಳಿಯಲ್ಲಿ ಎರಡು ಪ್ರಶ್ನೆ ಕಾಯಂ. ‘ಯಾವಾಗ್ ಬಂದೆ?’ ‘ಯಾವಾಗ್ ಓಗ್ತೀಯ?’ ಎರಡನೆಯದಕ್ಕೆ ‘ಬೆಳಗಿನ ಬಸ್ಸಿಗೆ’ ಎಂದರೆ ಕೇಳಿದವರಿಗೂ ಸಮಾಧಾನ. ಹುಡುಗನಿಗೆ ರಜೆ ಸಿಕ್ಕಿಲ್ಲ, ಅಂದಮೇಲೆ ಕೆಲಸ ಗಟ್ಟಿ ಎಂದು ಲೆಕ್ಕ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್‌ಗೆ ಸ್ವಲ್ಪ ಮುಂಚೆ ಲ್ಯಾಪ್‌ಟಾಪ್ ಸಮೇತ ಊರು ಸೇರಿದ ನನಗೆ ಆ ಉತ್ತರ ಕೊಡುವ ಭಾಗ್ಯ ತಪ್ಪಿತು. ‘ಇಲ್ಲಿಂದ್ಲೇ ಕೆಲ್ಸ ದೊಡ್ಡಪ್ಪ’ ಎಂದೆ. ದೊಡ್ಡಪ್ಪ ಹೂಂ ಎಂದು, ಒಳಗೆ ಹೋಗಿ ಅವ್ವನ ಹತ್ತಿರ ‘ತೆಗೆದ್ಬುಟ್ಟವ್ರಾ?’ ಎಂದು ವಿಚಾರಿಸಿದರು.

ಅದಕ್ಕೆ ಮುಂಚೆ ನಾನಿದ್ದದ್ದು ಲಗ್ಗೆರೆಯಲ್ಲಿ. ಹಾಸನ, ಚನ್ನರಾಯಪಟ್ಟಣದ ಬಸ್ಸು ತುಮಕೂರು ರಸ್ತೆಯಿಂದ ಬೆಂಗಳೂರಿಗೆ ನುಗ್ಗುವುದರಿಂದ ಅದರ ಆಸುಪಾಸಿನಲ್ಲೇ ಬಾಡಿಗೆ ಮನೆ ಹಿಡಿಯುವುದು ನಮ್ಮ ಕಡೆಯವರ ರೂಢಿ. ಮನೆ ಊರಿಗೆ ಹತ್ತಿರ, ಕೆಲಸಕ್ಕೆ ದೂರ. ಆಫೀಸು ಇದ್ದದ್ದು ಮಾರತ್ತಹಳ್ಳಿ ದಾಟಿ. ಗೊರಗುಂಟೆಪಾಳ್ಯದಲ್ಲಿ ಒಂದು ಬಸ್ಸು, ಹೆಬ್ಬಾಳದಲ್ಲಿ ಇಳಿದು 500-ಡಿ. ಟಿನ್ ಫ್ಯಾಕ್ಟರಿ ಬಂದಾಗ ಬಸ್ಸು ನಿಲ್ಲುತ್ತಿತ್ತು ಎನ್ನುವುದಕ್ಕಿಂತ ಬೀಡುಬಿಡುತ್ತಿತ್ತು ಎನ್ನಬೇಕು. ಕೆ.ಆರ್.ಪುರದ ತೂಗುಸೇತುವೆಯ ಹಗ್ಗಗಳನ್ನು ಎಣಿಸಿ ಮುಗಿಸಿ, ಪಕ್ಕದವರ ಫೋನಿನಲ್ಲಿ ಅರ್ಧ ಸಿನಿಮಾ ನೋಡಿ, ಕೊನೆಗೆ ಆಫೀಸು ಸೇರಿದಾಗ ಅಂಗಿ ಹಿಂಡುವಂತಿರುತ್ತಿತ್ತು. ಆ ಪ್ರಯಾಣವನ್ನು ನಾನು ಬಯ್ಯದ ದಿನವಿಲ್ಲ. ಆದರೆ ನನ್ನ ಕೆಲಸದಲ್ಲಿ ಕಣ್ಣಿಗೆ ಕಾಣುವ ಕಷ್ಟ ಅದೊಂದೇ ಆಗಿತ್ತು ಎಂಬುದು ಊರಿಗೆ ಬಂದಮೇಲೆ ಗೊತ್ತಾಯಿತು.

ಹಾಗೆ ನೋಡಿದರೆ ಮನೆಯಿಂದ ಕೆಲಸ ನಮ್ಮೂರಿಗೇನೂ ಹೊಸದಲ್ಲ. ಅವ್ವ ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುವುದು ಮನೆಯಿಂದಲೇ. ಚಿಕ್ಕಪ್ಪನಿಗೆ ರಾತ್ರಿ ಪಾಳಿ: ಮೂರು ಫೇಸ್ ಕರೆಂಟ್ ಬಂದಾಗ ಎದ್ದು ಮೋಟರ್ ಹಾಕಬೇಕು. ಆದರೆ ಅವರ ಕೆಲಸಕ್ಕೆ ಸಾಕ್ಷಿ ಇರುತ್ತದೆ, ತಲೆಯ ಮೇಲೆ ಹುಲ್ಲಿನ ಹೊರೆ, ಕಾಲಲ್ಲಿ ಕೆಸರು. ನನ್ನದು ಕೂತವನು ಕೂತೇ ಇರುವ ಕೆಲಸ. ಜೊತೆಗೆ, ಹಾಲು ಕರೆಯುತ್ತಲೇ ನಾಲ್ಕು ಮಾತಾಡಬಹುದು, ಮೀಟಿಂಗಿನಲ್ಲಿ ಆಗದು. ‘ಸುಮ್ನೆ ಕೂತಿದ್ದೀಯಲ್ಲ, ಆ ಎಮ್ಮೆ ಬಿಚ್ಚಿ ಕಟ್ಟು’ ಎಂದರೆ ಏನು ಹೇಳುವುದು? ಎಮ್ಮೆ ಬಿಚ್ಚಿ ಕಟ್ಟಿದ್ದೇನೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ.

ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಮನೆಯಲ್ಲಿ ಎರಡೇ. ಒಂದು ದೇವರ ಮನೆ, ಇನ್ನೊಂದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆ. ಎರಡನೆಯದು ನನಗೆ ಸಿಕ್ಕಿತು. ಉಂಡೆ ಕೊಬ್ಬರಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು; ಆಗಿದ್ದರೆ ಲೊಟಲೊಟ ಎನ್ನುತ್ತದೆ. ಚಿಕ್ಕಪ್ಪ ಈ ಪರೀಕ್ಷೆಗೆ ಏಣಿ ಹತ್ತುತ್ತಿದ್ದದ್ದು ಸರಿಯಾಗಿ ನಮ್ಮ ಮ್ಯಾನೇಜರ್ ಮಾತಾಡುವ ಹೊತ್ತಿಗೆ. ಲೊಟಲೊಟ ಕೇಳಿ ಪುಣೆಯ ಸಹೋದ್ಯೋಗಿಯೊಬ್ಬ ಲೈನ್ ಕೆಟ್ಟಿದೆ ಎಂದು ತೀರ್ಮಾನಿಸಿ ಎರಡು ಸಲ ಕಾಲ್ ಕಡಿದು ಮತ್ತೆ ಸೇರಿದ. ಅದು ತಿಪಟೂರಿಗೆ ಹೋಗಬೇಕಾದ ಮಾಲು ಎಂದು ವಿವರಿಸುವ ಇಂಗ್ಲಿಷ್ ನನ್ನಲ್ಲಿರಲಿಲ್ಲ. ಗಾಳಿಮಳೆಯ ದಿನ ಸೋಗೆ ತಂತಿಯ ಮೇಲೆ ಬಿದ್ದರೆ ಮುಗಿಯಿತು, ಲೈನ್‌ಮನ್ ಬರುವವರೆಗೆ ಜಾಗತಿಕ ವ್ಯವಹಾರಕ್ಕೆ ರಜೆ.

ಹೆಣ್ಣು ಕೊಡುವವರ ಮುಂದೆ ಇನ್ನೊಂದು ಫಜೀತಿ. ‘ಹುಡ್ಗ ಮನೇಲವ್ನೆ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹೆಣ್ಣು ಸಿಗದೆ ಮಂಡ್ಯ ಕಡೆಯ ರೈತರ ಮಕ್ಕಳು 2023ರಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಊರಲ್ಲೇ ಉಳಿದವನಿಗೆ ಇರುವ ಬೆಲೆ ಇಷ್ಟು. ಸಂಬಳದ ಚೀಟಿ ತೋರಿಸಿದರೂ ‘ಬೆಂಗಳೂರಲ್ಲಿ ಮನೆ ಮಾಡ್ತಾನಾ?’ ಎಂದೇ ಕೇಳುತ್ತಾರೆ.

ಮನೆಯಿಂದ ಕೆಲಸದ ವಿಷಯದಲ್ಲಿ ಸರ್ಕಾರ ಊರವರಿಗಿಂತ ಬೇಗ ಬದಲಾಯಿತು. ಮೊದಲು ಕಾಲ್ ಸೆಂಟರಿನವರು ಮನೆಯಿಂದ ಕೆಲಸ ಮಾಡಿಸಬೇಕೆಂದರೆ ದೂರಸಂಪರ್ಕ ಇಲಾಖೆಗೆ ಬ್ಯಾಂಕ್ ಗ್ಯಾರಂಟಿ ಕೊಡಬೇಕಿತ್ತು. 2020ರ ನವೆಂಬರ್‌ನಲ್ಲಿ ಆ ನಿಯಮ ತೆಗೆದರು. ಹಿಂದಕ್ಕೆ ಹೆಜ್ಜೆ ಇಟ್ಟದ್ದು ಕಂಪನಿಗಳು. 2025ರ ಹೊತ್ತಿಗೆ ನೂರಕ್ಕೆ 25 ಜನ ಆಫೀಸಿನಲ್ಲಿದ್ದರೆ ಸಾಕು ಎಂದಿದ್ದ ಟಿಸಿಎಸ್, 2023ರ ಅಕ್ಟೋಬರ್‌ನಿಂದ ಐದೂ ದಿನ ಬನ್ನಿ ಎಂದಿತು. ನಮ್ಮಲ್ಲಿ ಇನ್ನೂ ವಾರಕ್ಕೊಮ್ಮೆ ಮುಖ ತೋರಿಸಿದರೆ ನಡೆಯುತ್ತದೆ. 2017ರಲ್ಲಿ ಕುಣಿಗಲ್ ಮೇಲೆ ರೈಲು ಬಂದದ್ದರಿಂದ ಚನ್ನರಾಯಪಟ್ಟಣದಲ್ಲಿ ಹತ್ತಿ ಯಶವಂತಪುರದಲ್ಲಿ ಇಳಿಯುವುದು ಸಲೀಸು. ಆಮೇಲಿನದೇ ದೂರ.

ಕೆಲಸ ಊರಲ್ಲಿ ಮಾಡಬಹುದು, ಆದರೆ ಮನೆಯಲ್ಲಿ ಮಾಡುವುದು ಕಷ್ಟ ಎಂಬುದು ನನ್ನ ತೀರ್ಪು. ಟಿಫನ್ ಡಬ್ಬಿ ಹಿಡಿದು, ಚಪ್ಪಲಿ ಮೆಟ್ಟಿ, ನಾಲ್ಕು ಜನ ನೋಡುವಂತೆ ಹೋಗಲು ಒಂದು ಜಾಗ ಬೇಕು. ಜಾಗ ಇದೆ ಕೂಡ. ಭಾರತ್‌ನೆಟ್ ಕೇಬಲ್ ಎಳೆದಿರುವುದು ಗ್ರಾಮ ಪಂಚಾಯಿತಿ ಕಟ್ಟಡದವರೆಗೆ; ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಮಾಡಿದ್ದಾರೆ. ಅಲ್ಲಿ ಒಂದು ಮೂಲೆಯಲ್ಲಿ ನಾಲ್ಕು ಮೇಜು, ಪ್ಲಗ್ಗು, ಕರೆಂಟ್ ಹೋದರೆ ಒಂದೆರಡು ಗಂಟೆ ತಡೆಯುವ ಯುಪಿಎಸ್ ಇಟ್ಟರೆ ಸಾಕು. ಬೇಕಾದರೆ ತಿಂಗಳಿಗೆ ಬಾಡಿಗೆಯನ್ನೂ ಕೊಡುತ್ತೇವೆ. ನಾನು ಅರ್ಜಿ ಬರೆದಿಟ್ಟಿದ್ದೇನೆ. ನಿಮ್ಮೂರಲ್ಲೂ ಹೀಗೆ ಊರಿಂದಲೇ ಕೆಲಸ ಮಾಡುವವರಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ದಯವಿಟ್ಟು ಎದ್ದುನಿಂತು ಕೇಳಿ.