ಅದನ್ನೇ ಒಂಚೂರು ಕನ್ನಡದಾಗೆ ಹೇಳಪ್ಪ

ಗೋಕಾಕ್ ಚಳವಳಿ ಅಂದಕೂಡಲೇ ಎಲ್ಲರೂ ರಾಜ್‌ಕುಮಾರ್ ಹೆಸರು ಹೇಳುತ್ತಾರೆ. ನನಗೆ ನೆನಪಾಗುವುದು ನಮ್ಮ ಕೊಬ್ಬರಿ ಕೊಟ್ಟಿಗೆಯಲ್ಲಿ ಕೂತಿದ್ದ ದೊಡ್ಡಕ್ಕ. ಆ ಕಥೆ ಹೇಳುತ್ತೇನೆ, ಕೇಳಿ. ಹಾಗೇ ಆ ಚಿಪ್ಪಿನ ಬುಟ್ಟಿ ಇತ್ತ ತಳ್ಳಿ, ಬೆಂಕಿ ಆರೀತು.

1982ರ ಬೇಸಿಗೆ. ಪಿಯುಸಿ ಮೊದಲ ವರ್ಷದ ಪರೀಕ್ಷೆ ಮುಗಿಸಿ ತಿಪಟೂರಿನಿಂದ ಊರಿಗೆ ಬಂದಿದ್ದೆ. ಕಿಬ್ಬನಹಳ್ಳಿ ಸೀಮೆಯಲ್ಲಿ ಹುಡುಗರಿಗೆ ರಜ ಅಂದರೆ ಕೊಬ್ಬರಿ ಕೆಲಸ ಅಂತಲೇ ಅರ್ಥ. ಹಿಂದಿನ ವರ್ಷ ಅಟ್ಟಕ್ಕೆ ಏರಿಸಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿರುತ್ತದೆ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಅಂದರೆ ಆಯಿತು. ಬಳಬಳ ಅಂದರೆ ನೀರಿನ್ನೂ ಇದೆ, ವಾಪಸ್ ಅಟ್ಟಕ್ಕೆ. ಆದದ್ದರ ಮಟ್ಟೆ ಸುಲಿದು, ಉಂಡೆಗೆ ಏಟು ಬೀಳದ ಹಾಗೆ ಚಿಪ್ಪು ಒಡೆಯಬೇಕು. ಕಚ್ಚು ಬಿದ್ದ ಕೊಬ್ಬರಿಗೆ ತಿಪಟೂರು ಮಾರ್ಕೆಟ್ಟಿನಲ್ಲಿ ಬೆಲೆ ಕಮ್ಮಿ. ಅಲ್ಲಾಡಿಸಿ ಬೇರೆ ಮಾಡುವ ಕೆಲಸ ದೊಡ್ಡಕ್ಕನದು. ಅವಳ ಕಿವಿ ತಪ್ಪಿದ್ದನ್ನು ನಾನು ಕಂಡಿಲ್ಲ.

ನನ್ನ ಕೆಲಸ ಪೇಪರ್ ಓದುವುದು. ಬೆಳಗಿನ ಬಸ್ಸಿನಲ್ಲಿ ಬೆಂಗಳೂರಿನಿಂದ ಬಂದ ಪ್ರಜಾವಾಣಿ ಕ್ರಾಸಿನ ಹೋಟೆಲಿನಲ್ಲಿ ದಿನವಿಡೀ ಕೈಯಿಂದ ಕೈಗೆ ಹೋಗಿ, ಬೋಂಡದ ಎಣ್ಣೆ ಕುಡಿದು, ಸಂಜೆಗೆ ನಮ್ಮ ಕೊಟ್ಟಿಗೆ ಸೇರುತ್ತಿತ್ತು. ಎಣ್ಣೆ ಬಿದ್ದ ಕಡೆ ಹಿಂದಿನ ಪುಟದ ಅಕ್ಷರ ಈಚೆ ಮೂಡಿ, ಮುಖ್ಯಮಂತ್ರಿ ಗುಂಡೂರಾಯರ ಹೇಳಿಕೆಯೂ ಕ್ರಿಕೆಟ್ ಸ್ಕೋರೂ ಒಂದರೊಳಗೊಂದು ಸೇರಿಕೊಳ್ಳುತ್ತಿದ್ದವು. ಲಾಟೀನು ಹತ್ತಿರ ಎಳೆದುಕೊಂಡು ನಾನು ಓದುತ್ತಿದ್ದೆ, ಕೊಟ್ಟಿಗೆಯಲ್ಲಿದ್ದವರು ಕೆಲಸ ಮಾಡುತ್ತಾ ಕೇಳುತ್ತಿದ್ದರು.

ಆ ದಿನಗಳಲ್ಲಿ ಪೇಪರಿನ ತುಂಬಾ ಗೋಕಾಕ್ ವರದಿಯದೇ ಸುದ್ದಿ. ವಿ.ಕೃ. ಗೋಕಾಕರ ಸಮಿತಿ 1981ರ ಆರಂಭದಲ್ಲೇ ವರದಿ ಕೊಟ್ಟಿತ್ತು. ಹೈಸ್ಕೂಲಿನಲ್ಲಿ 150 ಅಂಕದ ಪ್ರಥಮ ಭಾಷೆ ಕನ್ನಡವೇ ಆಗಬೇಕು ಅಂತ ಅದರ ತಿರುಳು. ಸರ್ಕಾರ ಕೈಕಟ್ಟಿ ಕೂತಿತ್ತು. ಧಾರವಾಡದ ಸಾಹಿತಿಗಳು ಬೀದಿಗಿಳಿದರು, ಆಮೇಲೆ ರಾಜ್‌ಕುಮಾರ್ ಬಂದರು, ಊರೂರಲ್ಲಿ ಜನ ಜಾತ್ರೆಗೆ ಸೇರಿದ ಹಾಗೆ ಸೇರಿದರು. ನಾನು ಹುಮ್ಮಸ್ಸಿನಲ್ಲಿ ದನಿ ಏರಿಸಿ ಓದಿದೆ. ಶಿಫಾರಸು, ಅನುಷ್ಠಾನ, ಐಚ್ಛಿಕ, ಭಾಷಾ ಅಲ್ಪಸಂಖ್ಯಾತರು, ಎಲ್ಲವೂ ನಾಲಿಗೆಯ ಮೇಲೆ ಸಲೀಸಾಗಿ ಹರಿದವು. ಒಂದು ಕಾಲಂ ಪೂರ್ತಿ ಓದಿ ತಲೆಯೆತ್ತಿದರೆ ದೊಡ್ಡಕ್ಕ ಕಾಯಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾಳೆ.

"ಚೆನ್ನಾಗಿ ಓದ್ದೆ ಕಣಪ್ಪ. ಅದನ್ನೇ ಒಂಚೂರು ಕನ್ನಡದಾಗೆ ಹೇಳಪ್ಪ."

ಕೊಟ್ಟಿಗೆಗೆ ಕೊಟ್ಟಿಗೆಯೇ ನಕ್ಕಿತು. ಅವಳು ತಮಾಷೆಗೆ ಹೇಳಿರಲಿಲ್ಲ. ಕನ್ನಡಕ್ಕಾಗಿ ನಡೆಯುತ್ತಿರುವ ಹೋರಾಟದ ಸುದ್ದಿಯನ್ನು, ಕನ್ನಡ ಪತ್ರಿಕೆಯಲ್ಲಿ ಬಂದದ್ದನ್ನು, ಕನ್ನಡ ಬಿಟ್ಟು ಇನ್ನೊಂದು ಮಾತು ಬಾರದ ಹೆಂಗಸಿಗೆ ಮತ್ತೊಮ್ಮೆ ಕನ್ನಡದಲ್ಲಿ ಹೇಳಬೇಕಾಗಿತ್ತು!

ಹೇಳಿದೆ. "ನೋಡು ದೊಡ್ಡಕ್ಕ, ಹೈಸ್ಕೂಲ್ನಾಗೆ ಸಂಸ್ಕೃತ ತಗಂಡ್ರೆ ಮಾರ್ಕ್ಸ್ ಜಾಸ್ತಿ ಬರ್ತಾವೆ. ಅದಕ್ಕೆ ಪ್ಯಾಟೆ ಹುಡುಗ್ರು ಕನ್ನಡ ಬಿಟ್ಟು ಅದನ್ನ ತಗತಾರೆ. ಕನ್ನಡದ ಗಂಧವೇ ಇಲ್ದೆ ಎಸ್ಸೆಸ್ಸೆಲ್ಸಿ ಪಾಸಾಗಬೋದು. ಇನ್ಮೇಲೆ ಹಂಗಾಗಬಾರ್ದು, ಕನ್ನಡವೇ ಮೊದಲು ಅಂತ ಗಲಾಟೆ."

"ರಾಜ್‌ಕುಮಾರ್ ಹೇಳವ್ರೆ ಅಂದ್ರೆ ಸರಿಯಾಗೇ ಇರುತ್ತೆ," ಅಂದಳು. ಒಂದು ಕಾಯಿ ಅಲ್ಲಾಡಿಸಿ ಗುಡ್ಡೆಗೆ ಹಾಕಿದಳು. "ನನ್ ಮಗ ಫೇಲಾಗಿದ್ದು ಯಾವುದ್ರಾಗೆ?"

"ಇಂಗ್ಲಿಷ್ನಾಗೆ."

"ಕನ್ನಡ ಮೊದ್ಲು ಬಂದ್ರೆ ಇಂಗ್ಲಿಷ್ ಪರೀಕ್ಷೆ ಹೋಗುತ್ತಾ?"

"ಇಲ್ಲ, ಅದಿರುತ್ತೆ."

"ಹಂಗಾದ್ರೆ ನಮಗೇನ್ ಬಂತು?"

ಉತ್ತರ ತಡಕಾಡಿದೆ. ಕೈಗೆ ಸಿಕ್ಕಿದ್ದು ಕಾಲೇಜಿನ ಭಾಷಣ. ನಮ್ಮ ಪಕ್ಕದ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರೊಫೆಸರಾಗಿದ್ದುಕೊಂಡು ಕನ್ನಡದ ಕಣ್ವ ಅನ್ನಿಸಿಕೊಂಡರು, 1911ರಲ್ಲೇ ಧಾರವಾಡಕ್ಕೆ ಹೋಗಿ ಕನ್ನಡ ತಲೆ ಎತ್ತುವ ಬಗೆ ಹೇಗೆ ಅಂತ ಭಾಷಣ ಮಾಡಿ ಬಂದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರು ಭಾರತೀಯ ಕಾವ್ಯಮೀಮಾಂಸೆ ಬರೆದರು. ಈಗ ಈ ಗೋಕಾಕರೂ ಇಂಗ್ಲಿಷ್ ಪ್ರೊಫೆಸರೇ, ಆದರೂ ಕನ್ನಡ ಅಂತಾರೆ ನೋಡು ಅಂದೆ.

ದೊಡ್ಡಕ್ಕ ತಲೆದೂಗಿದಳು. "ಇಂಗ್ಲಿಷ್ ಕಲ್ತೋರೇ ಅಲ್ವೇನಪ್ಪ ಕನ್ನಡ ಉಳ್ಸೋಕೆ ಹೊಂಟಿರೋದು? ನನ್ ಮಗನಿಗೂ ಒಸಿ ಇಂಗ್ಲಿಷ್ ಕಲ್ಸಿ. ಅವನೂ ಆಮ್ಯಾಕೆ ಉಳಿಸ್ತಾನೆ."

ಮೂಲೆಯಲ್ಲಿ ಚೀಲ ಹೊಲಿಯುತ್ತಿದ್ದ ಭಾಯಿ ಅಲ್ಲಿಯವರೆಗೂ ಸುಮ್ಮನಿದ್ದವರು ಬಾಯಿ ಬಿಟ್ಟರು. ಮಂಡಿಯಲ್ಲಿ ಲೆಕ್ಕ, ಚೌಕಾಶಿ, ಜಗಳ ಎಲ್ಲವೂ ಅವರಿಗೆ ಕನ್ನಡದಲ್ಲೇ, ಮನೆಯಲ್ಲಿ ಉರ್ದು. ಅವರ ಮಗಳು ಉರ್ದು ಶಾಲೆಯಲ್ಲಿ ಓದುತ್ತಿದ್ದಳು. "ಪೇಪರ್ನಲ್ಲಿ ನಮ್ ಬಗ್ಗೆನೂ ಏನೋ ಬಂದೈತಲ್ಲ, ಓದಪ್ಪ," ಅಂದರು. ಓದಿದೆ. ಉರ್ದು, ತಮಿಳು, ತೆಲುಗು ಮನೆಮಾತಿನವರ ಸಂಘಗಳು ವರದಿಯನ್ನು ವಿರೋಧಿಸಿದ ಸುದ್ದಿ ಅದು. ನನ್ನ ದನಿ ತಾನಾಗಿಯೇ ಇಳಿದಿತ್ತು. ಭಾಯಿ ದಬ್ಬಳ ಪಕ್ಕಕ್ಕಿಟ್ಟು ಹೇಳಿದರು: "ಕನ್ನಡ ಕಲೀಲಿ, ಕಲೀದೆ ಇಲ್ಲಿ ಬದುಕೋದು ಹೆಂಗೆ? ಉರ್ದುನೂ ಇರ್ಲಿ. ಎರಡೂ ಹೊರೋಷ್ಟು ತಲೆ ನನ್ ಮಗಳಿಗೆ ಐತೆ. ನಿಮ್ ಸಮಿತಿಯೋರಿಗೆ ಹೇಳು."

ಸಮಿತಿಯವರಿಗೆ ಹೇಳುವಷ್ಟು ದೊಡ್ಡವನೇ ನಾನು? ಆದರೂ ತಿಪಟೂರಿನಲ್ಲಿ ಮೆರವಣಿಗೆ ಅಂದಾಗ ಹೋದೆ. ರಟ್ಟಿನ ಮೇಲೆ ಕೆಂಪು ಇಂಕಿನಲ್ಲಿ ಘೋಷಣೆ ಬರೆದುಕೊಂಡು, ಗಂಟಲು ಕಟ್ಟುವವರೆಗೂ ಕೂಗಿದೆ. ಕೂಗಿದ್ದು ಸುಳ್ಳಲ್ಲ, ಇವತ್ತೂ ಕೂಗಬಲ್ಲೆ. ಕನ್ನಡ ನಾಡಿನಲ್ಲಿ ಕನ್ನಡ ಕಲಿಯದೆ ಓದು ಮುಗಿಸುವುದು ಆಗಲೂ ತಪ್ಪು, ಈಗಲೂ ತಪ್ಪು. ಆದರೆ ಘೋಷಣೆ ನಡುವೆ ಉಸಿರು ತೆಗೆದುಕೊಳ್ಳುವಾಗೆಲ್ಲ 'ನಮಗೇನ್ ಬಂತು' ಅನ್ನುವುದು ಕಿವಿಯಲ್ಲಿ ಗಡಗಡ ಅನ್ನುತ್ತಿತ್ತು.

ಕಾಲೇಜು ತೆರೆದ ಮೇಲೆ ಗೋಡೆ ಪತ್ರಿಕೆಗೆ ಲೇಖನ ಕೇಳಿದರು. ಅದೇ ಜುಲೈನಲ್ಲಿ ಕನ್ನಡವನ್ನು ಏಕೈಕ ಪ್ರಥಮ ಭಾಷೆ ಮಾಡುವ ಸರ್ಕಾರಿ ಆದೇಶವೂ ಬಂದಿತ್ತು. ಎಲ್ಲರೂ ಕನ್ನಡಾಂಬೆಯ ಮೇಲೆ ಬರೆದರು. ನಾನು ಕೊಟ್ಟಿಗೆಯ ಮಾತುಕತೆಯನ್ನು, ದೊಡ್ಡಕ್ಕ ಮತ್ತು ಭಾಯಿ ಆಡಿದ ಹಾಗೆಯೇ, 'ಐತೆ', 'ಹಂಗಾದ್ರೆ' ಸಮೇತ ಬರೆದುಕೊಟ್ಟೆ. ನಮ್ಮ ಕನ್ನಡ ಮೇಷ್ಟ್ರು ಓದಿ, ವಿಷಯ ಚೆನ್ನಾಗಿದೆ, ಗ್ರಂಥಸ್ಥ ಭಾಷೆಯಲ್ಲಿ ತಿದ್ದಿ ಬರೆದು ತಾ ಅಂದರು. ತಿದ್ದಲು ಕೂತೆ. ದೊಡ್ಡಕ್ಕ 'ಇದರಿಂದ ನಮಗಾಗುವ ಪ್ರಯೋಜನವೇನು?' ಅಂತ ಕೇಳಿದ ಹಾಗೆ ಬರೆದು ನೋಡಿದೆ. ಅದನ್ನು ಕೇಳಿದವಳು ದೊಡ್ಡಕ್ಕ ಅಲ್ಲ, ಯಾವುದೋ ಸಮಿತಿಯ ಸದಸ್ಯೆ! ಹಾಳೆ ಮಡಿಚಿ ಜೇಬಿಗಿಟ್ಟುಕೊಂಡೆ, ಗೋಡೆಗೆ ಏರಲಿಲ್ಲ.

ಅದೇ ಕಾಲಕ್ಕೆ ಹಾಸ್ಟೆಲಿನಲ್ಲಿ ಲಂಕೇಶ್ ಪತ್ರಿಕೆಯ ಹುಚ್ಚು ಹತ್ತಿತು. 1980ರಲ್ಲಿ ಶುರುವಾದ ವಾರಪತ್ರಿಕೆ, ಜಾಹೀರಾತಿಲ್ಲ, ಕಪ್ಪು ಬಿಳುಪು. ಮುಖ್ಯಮಂತ್ರಿಯನ್ನೇ 'ಗುಂ' ಅಂತ ಕರೆಯುತ್ತಿತ್ತು. ರಜದಲ್ಲಿ ಒಂದು ಸಂಚಿಕೆ ಊರಿಗೆ ಒಯ್ದು ಕೊಟ್ಟಿಗೆಯಲ್ಲಿ ಓದಿದೆ. ಕನ್ನಡದಲ್ಲಿ ಹೇಳು ಅಂತ ಯಾರೂ ಅನ್ನಲಿಲ್ಲ. ಓದುವಾಗ ನಡುವೆ ಬಾಯಿ ಹಾಕಿ ಜಗಳಕ್ಕೆ ಬಂದರು. ಇದು ಸುಳ್ಳು ಅಂದರು, ಅದು ದಿಟ ಅಂದರು, ಇನ್ನೊಂದ್ಸಲ ಓದು ಅಂದರು. ರಾಜಧಾನಿಯ ರಾಜಕೀಯ ನಮ್ಮ ಊರಿನ ಪಂಚಾಯ್ತಿ ಕಟ್ಟೆಗೆ ಬಂದು ಕೂತ ಹಾಗಾಯಿತು.

1984ರಲ್ಲಿ ದೇವನೂರ ಮಹಾದೇವರ ಕುಸುಮಬಾಲೆ ಬಂತು. ಪುಸ್ತಕಕ್ಕೆ ಪುಸ್ತಕವೇ ನಂಜನಗೂಡು ಸೀಮೆಯ ಆಡುಮಾತು. ಅದನ್ನು ನನ್ನ ಕೈಗಿಟ್ಟವರು, ತಿದ್ದಿ ತಾ ಅಂದಿದ್ದ ಅದೇ ಮೇಷ್ಟ್ರು. "ನಿನ್ನ ಆ ಲೇಖನ ಇದೆಯೇನಯ್ಯಾ?" ಅಂತ ಕೇಳಿದರು. ಇಲ್ಲ ಸಾರ್, ಕಳೆದುಹೋಯಿತು ಅಂದೆ. "ಇದನ್ನು ಓದು, ಮತ್ತೆ ಬರಿ" ಅಂದರು. ನಮ್ಮ ಸೀಮೆಯ ಮಾತಲ್ಲ, ಮೊದಲ ಪುಟಗಳು ಕಷ್ಟವಾದವು. ಗಟ್ಟಿಯಾಗಿ ಓದಿಕೊಂಡಾಗ ದಾರಿ ಬಿಟ್ಟಿತು. 1990ರಲ್ಲಿ ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಕೊಟ್ಟಿಗೆಯ ಮಾತಿಗೂ ಬರವಣಿಗೆಯಲ್ಲಿ ಪಂಕ್ತಿ ಇದೆ ಅನ್ನುವುದು ಖಾತ್ರಿಯಾಯಿತು.

ಚಳವಳಿ ಗೆದ್ದಿತೋ ಸೋತಿತೋ ಅಂತ ಕೇಳುತ್ತೀರಿ. 1983ರ ಜನವರಿಯಲ್ಲಿ ಗುಂಡೂರಾಯರ ಸರ್ಕಾರ ಚುನಾವಣೆಯಲ್ಲಿ ಬಿದ್ದಿತು. 1989ರಲ್ಲಿ ಹೈಕೋರ್ಟು ಆ ಭಾಷಾ ಆದೇಶವನ್ನೇ ತಳ್ಳಿಹಾಕಿತು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ದೊಡ್ಡಕ್ಕನ ಮೊಮ್ಮಕ್ಕಳು ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋದರು. ಅವಳನ್ನು ದೂರಲು ನನಗೆ ಬಾಯಿಲ್ಲ. ಅವಳು ಕೇಳಿದ್ದಕ್ಕೆ ನಾವ್ಯಾರೂ ಉತ್ತರ ಕೊಟ್ಟಿರಲಿಲ್ಲವಲ್ಲ. ಕನ್ನಡ ಮೊದಲು ಅಂತ ಹೇಳಿದೆವು, ಅವಳ ಸುದ್ದಿಯನ್ನು ಅವಳಿಗೆ ತಿಳಿಯುವ ಹಾಗೆ ಬರೆಯುವ ಕೆಲಸವನ್ನು ಕೊನೆಗೆ ಇಟ್ಟುಕೊಂಡೆವು.

ಹಾಗಂತ ನಾನು ಸುಮ್ಮನೆ ಕೂತಿಲ್ಲ. 2024ರಲ್ಲಿ ಕೊಬ್ಬರಿ ಬೆಲೆ ನೆಲ ಕಚ್ಚಿ, ಕ್ವಿಂಟಲ್ ಉಂಡೆ ಕೊಬ್ಬರಿಗೆ 12,000 ರೂಪಾಯಿ ಬೆಂಬಲ ಬೆಲೆಯಲ್ಲಿ ನಾಫೆಡ್ ಕೊಳ್ಳುತ್ತದೆ ಅಂದಾಗ ನೋಂದಣಿಗೆ ಸಾಲು ನಿಂತಿತ್ತು ನೆನಪಿದೆಯಾ? ನಾನೂ ನಿಂತಿದ್ದೆ. ಗೋಡೆಗೆ ಅಂಟಿಸಿದ್ದ ಪ್ರಕಟಣೆ ಕನ್ನಡದಲ್ಲೇ ಇತ್ತು. ಜನ ಅದರ ಮುಂದೆ ನಿಂತು, ಓದಿ, ಪಕ್ಕದವರನ್ನು ಕೇಳುತ್ತಿದ್ದರು. ಒಂದು ರಟ್ಟು ಹುಡುಕಿ, ಪೆನ್ನು ತಗೊಂಡು ಬರೆದೆ: ಆಧಾರ್ ತನ್ನಿ, ಪಹಣಿ ತನ್ನಿ, ಫ್ರೂಟ್ಸ್ ಐಡಿ ತನ್ನಿ, ಪಹಣಿ ಯಾರ ಹೆಸರಲ್ಲಿ ಇದೆಯೋ ಅವರೇ ಬಂದು ಹೆಬ್ಬೆಟ್ಟು ಕೊಡಬೇಕು. ಬಾಗಿಲ ಪಕ್ಕ ಒರಗಿಸಿಟ್ಟೆ.

ಹಿಂದೆ ನಿಂತಿದ್ದ ಒಬ್ಬ ಯುವಕ ಅದನ್ನು ಓದಿದ. "ಹಂಗಾದ್ರೆ ಪಹಣಿ ಇನ್ನೂ ನಮ್ ತಾತನ ಹೆಸ್ರಲ್ಲೈತೆ, ತಾತ ಹೋಗಿ ಹತ್ ವರ್ಷ ಆಯ್ತು. ತೋಟ ಮಾಡ್ತಿರೋನು ನಾನು. ನನಗೇನು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಳಗಿರೋರನ್ನೇ ಕೇಳಪ್ಪ ಅಂದೆ. ಹೋದ. ನನ್ನದೂ ಅದೇ ಕಥೆ ಅಂತ ಹಿಂದೆಯೇ ಇನ್ನೂ ನಾಲ್ಕು ಜನ ಹೋದರು. ಒಳಗಿದ್ದವರು ಅವತ್ತು ಮಧ್ಯಾಹ್ನದ ಊಟಕ್ಕೆ ಎದ್ದಿದ್ದು ಮೂರೂವರೆಗಂತೆ.