ಅಕ್ಕೂರಿನಿಂದ ಕಡಲಿಗೆ: ಮಕ್ಕಳೊಡನೆ ಹಡಗಿನ ಪಯಣ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿಗೂ ಕಡಲಿಗೂ ಬಲು ದೂರ. ರಾಗಿ ಹೊಲ, ಹಿಪ್ಪುನೇರಳೆ ತೋಟ, ತೆಂಗು, ಮಾವು ಈ ಸೀಮೆಯ ನೋಟ. ನೀರೆಂದರೆ ಇಲ್ಲಿನವರಿಗೆ ಕೆರೆ, ಬಾವಿ, ನಾಲೆ. ಇನ್ನೂ ದೊಡ್ಡದೆಂದರೆ 1946ರಲ್ಲಿ ಕಟ್ಟಿದ ಕಣ್ವ ಜಲಾಶಯ, ಇಲ್ಲವೇ ಶಿಂಷಾ ನದಿಯ ಇಗ್ಗಲೂರು ಬ್ಯಾರೇಜು. ಆದರೂ ಈ ಸೀಮೆಯ ನೀರಿಗೆ ಕಡಲಿನ ದಾರಿ ಗೊತ್ತು. ಕಣ್ವ ಶಿಂಷೆಯನ್ನು ಸೇರುತ್ತದೆ, ಶಿಂಷೆ ಕಾವೇರಿಯನ್ನು ಸೇರುತ್ತದೆ, ಕಾವೇರಿ ಪೂಂಪುಹಾರಿನ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ.

ರಜೆ ಬಂತೆಂದರೆ ಅಜ್ಜಿಯ ಮನೆ, ತಪ್ಪಿದರೆ ಧರ್ಮಸ್ಥಳ, ಸುಬ್ರಹ್ಮಣ್ಯ ಎನ್ನುತ್ತಿದ್ದ ಒಳನಾಡಿನ ಮನೆಗಳಲ್ಲಿ ಈಗ ಹಡಗಿನ ಪ್ರವಾಸದ ಮಾತೂ ಕೇಳಿಬರುತ್ತಿದೆ. ಆಸೆ ಒಳ್ಳೆಯದೇ. ಭೂಗೋಳದ ಪುಸ್ತಕದಲ್ಲಿ ನೀಲಿ ಬಣ್ಣವಾಗಿ ಮಾತ್ರ ಕಂಡ ಕಡಲನ್ನು ಮಕ್ಕಳು ಕಣ್ಣಾರೆ ಕಾಣಬೇಕು. ಆದರೆ ಕೆರೆಯ ದಂಡೆಯಲ್ಲಿ ಬೆಳೆದವರು ಕಡಲಿಗೆ ಹೊರಡುವಾಗ ಬಟ್ಟೆಬರೆ, ತಿಂಡಿತೀರ್ಥ ಕಟ್ಟಿಕೊಂಡರಷ್ಟೇ ಸಾಲದು. ಒಂದಿಷ್ಟು ತಿಳಿವಳಿಕೆಯನ್ನೂ ಕಟ್ಟಿಕೊಳ್ಳಬೇಕು.

ಮೊದಲ ಪಯಣ ಚಿಕ್ಕದಾಗಿರುವುದು ಮೇಲು. ಉಡುಪಿಯ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆಯ ಹಾದಿ. ಅಲ್ಲಿ ಕಂಬ ನಿಲ್ಲಿಸಿದಂತೆ ಕಾಣುವ ಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಲಾವಾ ತಣಿದು ಮೂಡಿದವು. ಒಂದು ಹಗಲಿನ ಈ ಪ್ರವಾಸದಲ್ಲೇ ಮಗುವಿಗೆ ಅಲೆಯ ಕುಲುಕಾಟ ಒಗ್ಗುತ್ತದೆಯೋ ಇಲ್ಲವೋ ತಿಳಿದುಬಿಡುತ್ತದೆ. ಮಳೆಗಾಲದಲ್ಲಿ ಮಾತ್ರ ಅಲ್ಲಿಗೆ ದೋಣಿಗಳು ಹೋಗುವುದಿಲ್ಲ.

ಎರಡನೆಯ ಹೆಜ್ಜೆ ಲಕ್ಷದ್ವೀಪ. ಚನ್ನಪಟ್ಟಣದಿಂದ ಬೆಂಗಳೂರಿಗೆ ಹೋಗಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಎರ್ನಾಕುಳಂ. ಅಲ್ಲೇ ಕೊಚ್ಚಿ ಬಂದರು. ಲಕ್ಷದ್ವೀಪದಲ್ಲಿ ಜನವಸತಿ ಇರುವುದು 10 ದ್ವೀಪಗಳಲ್ಲಿ ಮಾತ್ರ. ಹೊರಗಿನವರಿಗೆ ಪ್ರವೇಶ ಪರವಾನಗಿ ಕಡ್ಡಾಯ. ಪರವಾನಗಿ, ಹಡಗಿನ ಟಿಕೆಟ್ಟು, ಮಕ್ಕಳ ಗುರುತಿನ ಚೀಟಿ ಇವನ್ನೆಲ್ಲ ತಿಂಗಳುಗಟ್ಟಲೆ ಮೊದಲೇ ಹೊಂದಿಸಿಕೊಳ್ಳಬೇಕು. ಅಕ್ಟೋಬರಿನಿಂದ ಮೇ ನಡುವಿನವರೆಗೆ ಕಡಲು ಬಹುಮಟ್ಟಿಗೆ ಶಾಂತ. ದಸರಾ ರಜೆಯ ಕೊನೆಯ ದಿನಗಳು ಇಲ್ಲವೇ ಏಪ್ರಿಲ್ ತಿಂಗಳು ಶಾಲೆಯ ಮಕ್ಕಳಿಗೆ ಹೊಂದುತ್ತವೆ. ಇನ್ನೂ ದೊಡ್ಡ ಹಡಗೇ ಬೇಕೆನ್ನುವವರಿಗೆ ಮುಂಬೈ ಇದೆ. ಕಾರ್ಡೇಲಿಯಾ ಸಂಸ್ಥೆಯ ವಿಹಾರ ನೌಕೆ 2021ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಸಂಚಾರ ಆರಂಭಿಸಿತು.

ಹೊರಡುವ ಮೊದಲು ಮಕ್ಕಳಿಂದ ಒಂದು ಲೆಕ್ಕ ಮಾಡಿಸಬಹುದು. ಕೊಚ್ಚಿಯಿಂದ ಕವರತ್ತಿಗೆ 404 ಕಿಲೋಮೀಟರ್. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್; ಗಂಟೆಗೆ ಒಂದು ನಾಟಿಕಲ್ ಮೈಲಿ ಸಾಗಿದರೆ ಅದು ಒಂದು ನಾಟ್ ವೇಗ. ಹಡಗು 15 ನಾಟ್ ವೇಗದಲ್ಲಿ ಸಾಗಿದರೆ ಎಷ್ಟು ಹೊತ್ತು ಬೇಕು? ಹದಿನಾಲ್ಕೂವರೆ ಗಂಟೆ. ಈ ವೇಗ ಗಂಟೆಗೆ 28 ಕಿಲೋಮೀಟರಿಗೂ ಕಡಿಮೆ. ಸೈಕಲ್ಲನ್ನು ಜೋರಾಗಿ ತುಳಿದಷ್ಟೇ. ಬಸ್ಸಿನ ವೇಗಕ್ಕೆ ಒಗ್ಗಿದ ಮಕ್ಕಳಿಗೆ ಕಡಲಿನ ವಿಸ್ತಾರ ಅರ್ಥವಾಗಲು ಇದೊಂದು ಲೆಕ್ಕ ಸಾಕು.

ಹಡಗು ಹತ್ತಿದವರನ್ನು ಮೊದಲು ಕಾಡುವುದು ತಲೆಸುತ್ತು ಮತ್ತು ವಾಂತಿ. ನಮ್ಮ ಕಿವಿಯ ಒಳಭಾಗದಲ್ಲಿ ದೇಹದ ಸಮತೋಲವನ್ನು ಅರಿಯುವ ಅಂಗವಿದೆ. ಹಡಗಿನ ಕೋಣೆಯೊಳಗೆ ಕುಳಿತಾಗ ಕಣ್ಣು ‘ಎಲ್ಲವೂ ನಿಂತಿದೆ’ ಎನ್ನುತ್ತದೆ, ಕಿವಿ ‘ಎಲ್ಲವೂ ಓಲಾಡುತ್ತಿದೆ’ ಎನ್ನುತ್ತದೆ. ಈ ಎರಡು ಸುದ್ದಿ ತಾಳೆಯಾಗದೆ ಮಿದುಳು ಗೊಂದಲಕ್ಕೆ ಬೀಳುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ಓಲಾಟ ಕಡಿಮೆಯಿರುವ ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಕೋಣೆ ಕೇಳುವುದು, ಹೊರಗೆ ಬಂದು ದಿಗಂತವನ್ನು ದಿಟ್ಟಿಸುವುದು, ಕರಿದ ತಿಂಡಿ ಬಿಟ್ಟು ಹಗುರಾದ ಊಟ ಮಾಡುವುದು ಇವೆಲ್ಲ ಉಪಯುಕ್ತ. ಮಾತ್ರೆ ಬೇಕಾದರೆ ಊರಿನಲ್ಲೇ ವೈದ್ಯರನ್ನು ಕೇಳಿ ತರಬೇಕು. ವಾಕರಿಕೆ ಶುರುವಾದ ಮೇಲೆ ನುಂಗಿದ ಮಾತ್ರೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇದೆಲ್ಲ ಹೇಗೋ ನಿಭಾಯಿಸಬಹುದಾದ ಕಷ್ಟ. ನಿಭಾಯಿಸಲಾಗದ್ದು ಬೇರೆಯೇ ಇದೆ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಕಿಕ್ಕಿರಿದ ವಿಹಾರ ದೋಣಿ ಮುಳುಗಿ 22 ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ವಿದ್ಯಾರ್ಥಿಗಳು ಮತ್ತು ಇಬ್ಬರು ಶಿಕ್ಷಕಿಯರು ಜೀವ ಕಳೆದುಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ನೀರಿಗಿಳಿದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರನ್ನು ಅಲೆಗಳು ಸೆಳೆದುಕೊಂಡವು. ಕೋಲಾರವೂ ಚನ್ನಪಟ್ಟಣದಂತೆ ಒಳನಾಡೇ.

ಜನ ಹೆಚ್ಚಾದರೆ ದೋಣಿ ಏಕೆ ಮಗುಚುತ್ತದೆ? ಮನೆಯಲ್ಲೇ ಪ್ರಯೋಗ ಮಾಡಿ ನೋಡಬಹುದು. ಬಕೆಟ್ಟಿನ ನೀರಿನಲ್ಲಿ ಒಂದು ಸ್ಟೀಲ್ ಬಟ್ಟಲು ತೇಲಿಬಿಟ್ಟು ಅದರ ತಳದಲ್ಲಿ ಸಮವಾಗಿ ಕಲ್ಲುಗಳನ್ನಿಡಿ. ಬಟ್ಟಲು ತಗ್ಗುತ್ತದೆ, ಆದರೆ ನೆಟ್ಟಗಿರುತ್ತದೆ. ಅವೇ ಕಲ್ಲುಗಳನ್ನು ಒಂದು ಮಗ್ಗುಲಿಗೆ ಸರಿಸಿ, ಬಟ್ಟಲು ವಾಲುತ್ತದೆ. ಬಟ್ಟಲಿನ ಮೇಲೆ ಒಂದು ತಟ್ಟೆಯಿಟ್ಟು ಕಲ್ಲುಗಳನ್ನು ಅದರ ಮೇಲೆ ಪೇರಿಸಿದರೆ ಸಣ್ಣ ಅಲುಗಾಟಕ್ಕೂ ಬಟ್ಟಲು ಬೋರಲು. ಭಾರ ಮೇಲೇರಿದಷ್ಟೂ ಸ್ಥಿರತೆ ಕಡಿಮೆ. ದೋಣಿಯಲ್ಲಿ ಎದ್ದು ನಿಲ್ಲುವುದು, ಫೋಟೋಕ್ಕಾಗಿ ಎಲ್ಲರೂ ಒಂದೇ ಬದಿಗೆ ನುಗ್ಗುವುದು ಇದೇ ಬಗೆಯ ಕೆಲಸ.

ಲೈಫ್ ಜಾಕೆಟ್ಟಿನ ವಿಷಯ ಅಕ್ಕೂರಿನ ಸೀಮೆಗೆ ಹೊಸದೇನಲ್ಲ. ಹಿಂದೆ ಬಾವಿಯಲ್ಲಿ ಈಜು ಕಲಿಸುವಾಗ ಹಿರಿಯರು ಹುಡುಗರ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟುತ್ತಿದ್ದರು. ಬುರುಡೆಯೊಳಗಿನ ಗಾಳಿ ಮಾಡುತ್ತಿದ್ದ ಕೆಲಸವನ್ನೇ ಈಗ ಜಾಕೆಟ್ಟಿನೊಳಗಿನ ಹಗುರ ಪದಾರ್ಥ ಮಾಡುತ್ತದೆ. ಬುರುಡೆ ಸಡಿಲವಾಗಿದ್ದರೆ ಜಾರುತ್ತಿತ್ತು; ಜಾಕೆಟ್ಟೂ ಹಾಗೆಯೇ. ದೊಡ್ಡವರ ಅಳತೆಯ ಜಾಕೆಟ್ ತೊಟ್ಟ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲಕ್ಕೆ ಏರಿ, ಮಗು ಕೆಳಕ್ಕೆ ಜಾರುತ್ತದೆ. ಪಟ್ಟಿಗಳನ್ನೆಲ್ಲ ಬಿಗಿದು, ಜಾಕೆಟ್ಟಿನ ಹೆಗಲನ್ನು ಹಿಡಿದು ಮೇಲಕ್ಕೆ ಎಳೆಯಬೇಕು. ಅದು ಗಲ್ಲವನ್ನು ದಾಟಿ ಕಿವಿಯವರೆಗೆ ಬಂದರೆ ಅಳತೆ ದೊಡ್ಡದಾಯಿತೆಂದೇ ಅರ್ಥ. ತೊಡೆಗಳ ನಡುವೆ ಹಾಯುವ ಪಟ್ಟಿ ಇರುವ ಜಾಕೆಟ್ ಚಿಕ್ಕ ಮಕ್ಕಳಿಗೆ ತಕ್ಕದ್ದು.

ದೊಡ್ಡ ಹಡಗಿನಲ್ಲೂ ಎಚ್ಚರ ತಪ್ಪಬಾರದು. 2012ರ ಜನವರಿಯಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ನೌಕೆ ಬಂಡೆಗೆ ಬಡಿದು 32 ಮಂದಿ ಸತ್ತ ಮೇಲೆ ಅಂತರರಾಷ್ಟ್ರೀಯ ನಿಯಮವನ್ನೇ ಬಿಗಿಗೊಳಿಸಲಾಯಿತು. ದಿನಕ್ಕಿಂತ ಹೆಚ್ಚಿನ ಪಯಣವಾದರೆ, ಹಡಗು ಬಿಡುವ ಮೊದಲು ಇಲ್ಲವೇ ಬಿಟ್ಟ ಕೂಡಲೇ ಪ್ರಯಾಣಿಕರಿಗೆ ಅಪಾಯಕಾಲದ ತಾಲೀಮು ಕೊಡಿಸಬೇಕು. ಏಳು ಚಿಕ್ಕ ಕೂಗು, ಆಮೇಲೆ ಒಂದು ಉದ್ದ ಕೂಗು ಕೇಳಿದರೆ ಗೊತ್ತುಪಡಿಸಿದ ಜಾಗಕ್ಕೆ ಹೋಗಿ ಸೇರಬೇಕೆಂದು ಅರ್ಥ. ಕೋಣೆಯಿಂದ ಆ ಜಾಗಕ್ಕೆ ಹೋಗುವ ದಾರಿಯನ್ನು ಮಕ್ಕಳನ್ನೇ ಮುಂದೆ ಬಿಟ್ಟು ಒಮ್ಮೆ ನಡೆದು ನೋಡಬೇಕು.

ಲಕ್ಷದ್ವೀಪದಲ್ಲಿ ಇನ್ನೊಂದು ಗಮನಿಸಬೇಕಾದ ಘಟ್ಟವಿದೆ. ದ್ವೀಪಗಳ ಸುತ್ತ ಹವಳದ ದಿಬ್ಬಗಳಿದ್ದು ಒಳಗಿನ ನೀರು ಆಳವಿಲ್ಲದ್ದರಿಂದ ದೊಡ್ಡ ಹಡಗು ಹಲವೆಡೆ ಹೊರಗೇ ನಿಲ್ಲುತ್ತದೆ. ಪ್ರಯಾಣಿಕರು ಹಡಗಿನಿಂದ ದೋಣಿಗೆ ಇಳಿಯಬೇಕು. ಎರಡೂ ಏರಿಳಿಯುತ್ತಿರುವಾಗ ಮಗುವನ್ನು ಎತ್ತಿಕೊಂಡು ಹೆಜ್ಜೆಯಿಡುವುದು ಸರಿಯಲ್ಲ. ಸಿಬ್ಬಂದಿ ಹೇಳಿದ ಕ್ಷಣಕ್ಕೆ ಕಾದು, ಕೈಗಳನ್ನು ಖಾಲಿ ಇಟ್ಟುಕೊಂಡು, ಅವರ ನೆರವಿನಿಂದಲೇ ಮಗುವನ್ನು ದಾಟಿಸಬೇಕು.

ಇವೆಲ್ಲಕ್ಕಿಂತ ಕಷ್ಟದ ಸಿದ್ಧತೆ ಮನಸ್ಸಿನದು. ಸಾವಿರಾರು ರೂಪಾಯಿ ಸುರಿದು, ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಬಂದವರಿಗೆ ದೋಣಿಯ ಎದುರು ನಿಂತು ‘ಬೇಡ’ ಎನ್ನುವುದು ಸುಲಭವಲ್ಲ. ಮಕ್ಕಳು ಅಳುತ್ತಾರೆ, ಜೊತೆಯವರು ನಗುತ್ತಾರೆ, ದೋಣಿಯವನು ‘ಏನೂ ಆಗೋಲ್ಲ, ಹತ್ತಿ ಸ್ವಾಮಿ’ ಎನ್ನುತ್ತಾನೆ. ಆದ್ದರಿಂದ ಈ ತೀರ್ಮಾನವನ್ನು ಊರಿನಲ್ಲೇ ಮಾಡಿಕೊಂಡು ಹೊರಡಬೇಕು. ಮಗುವಿನ ಅಳತೆಯ ಜಾಕೆಟ್ ಇಲ್ಲದಿದ್ದರೆ, ಮಿತಿ ಮೀರಿ ಜನ ತುಂಬಿದ್ದರೆ, ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆ ಇದ್ದರೆ ಹತ್ತುವುದಿಲ್ಲ ಎಂದು ಮಕ್ಕಳಿಗೂ ಮೊದಲೇ ತಿಳಿಸಿರಬೇಕು. ಆಗ ಅವರು ಅಳುವುದರ ಬದಲು ಜಾಕೆಟ್ಟುಗಳನ್ನು ಎಣಿಸತೊಡಗುತ್ತಾರೆ. ಟಿಕೆಟ್ಟಿನ ಹಣ ಹೋದರೆ ಮುಂದಿನ ರೇಷ್ಮೆ ಬೆಳೆಯಲ್ಲಿ ಮತ್ತೆ ಕೂಡಿಸಿಕೊಳ್ಳಬಹುದು. ಕಡಲೂ ಎಲ್ಲಿಗೂ ಓಡಿಹೋಗುವುದಿಲ್ಲ.